ಗ್ಲಾಸ್ಗೋ ಚಳಿಗಾಲಕ್ಕೆ ಯಾವ ಮಾತ್ರೆ ಬೇಕು, ಯಾವುದು ಬೇಡ

ಆತ್ಮೀಯ ಸದಸ್ಯರಿಗೆ ನಮಸ್ಕಾರ.

ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರದ ಮುಳ್ಳು ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಅಲ್ಲಿಗೆ ನಮ್ಮ ಕತ್ತಲ ದಿನಗಳು ಶುರು. ಡಿಸೆಂಬರ್ ಹೊತ್ತಿಗೆ ಸ್ಕಾಟ್ಲೆಂಡ್‌ನ ಈ ಗ್ಲಾಸ್ಗೋದಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ ಸುಮಾರು ಎಂಟೂಮುಕ್ಕಾಲಿಗೆ, ಮುಳುಗುವುದು ಮಧ್ಯಾಹ್ನ ಮೂರೂಮುಕ್ಕಾಲಿಗೆ. ಪ್ರತಿ ವರ್ಷ ಇದೇ ಸಮಯಕ್ಕೆ ಇಲ್ಲಿನ ಕನ್ನಡಿಗರಾದ ನಮ್ಮ ಸಂಘದ ವಾಟ್ಸಾಪ್ ಗುಂಪಿನಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ: "ಮೈಕೈ ನೋವು, ಸುಸ್ತು. ಯಾವ ವಿಟಮಿನ್ ತಗೊಳ್ಳೋದು? ಯಾವ ಬ್ರ್ಯಾಂಡ್ ಒಳ್ಳೇದು?" ಉತ್ತರಗಳೂ ಸಾಲುಸಾಲಾಗಿ ಬರುತ್ತವೆ. ಒಬ್ಬರು ಮಲ್ಟಿವಿಟಮಿನ್ ಅನ್ನುತ್ತಾರೆ, ಇನ್ನೊಬ್ಬರು ಅಶ್ವಗಂಧ, ಮತ್ತೊಬ್ಬರು ಮೀನೆಣ್ಣೆ. ಎಲ್ಲರೂ ಪ್ರೀತಿಯಿಂದಲೇ ಹೇಳುವುದು. ಆದರೆ ಕೇಳಿದವರ ವಯಸ್ಸೆಷ್ಟು, ಶುಗರ್ ಇದೆಯಾ, ಥೈರಾಯ್ಡ್ ಮಾತ್ರೆ ತಗೊಳ್ತಾರಾ ಎಂದು ಯಾರೂ ವಿಚಾರಿಸುವುದಿಲ್ಲ.

ನಾನು ವೈದ್ಯನಲ್ಲ. ಈ ಬರಹವನ್ನು ನಮ್ಮ ಸಂಘದ ವೈದ್ಯ ಸದಸ್ಯರಿಗೆ ತೋರಿಸಿ, ಅವರು ಸರಿ ಎಂದ ಮೇಲೇ ಹಾಕುತ್ತಿದ್ದೇನೆ. ನನ್ನ ಮಾತು ಇಷ್ಟೇ: ನಮ್ಮಲ್ಲಿ ಹೆಚ್ಚಿನವರಿಗೆ ನಿಜವಾಗಿ ಬೇಕಾಗಿರುವುದು ಒಂದೋ ಎರಡೋ ಮಾತ್ರೆ. ಅವನ್ನೇ ನಾವು ಮರೆಯುತ್ತೇವೆ. ಬೇಡದ್ದಕ್ಕೆ ದುಡ್ಡು ಸುರಿಯುತ್ತೇವೆ.

ಮೊದಲು ಡಿ ವಿಟಮಿನ್. ಬೆಂಗಳೂರು ಇರುವುದು ಸಮಭಾಜಕದಿಂದ 13 ಡಿಗ್ರಿ ಉತ್ತರಕ್ಕೆ, ಗ್ಲಾಸ್ಗೋ ಸುಮಾರು 56 ಡಿಗ್ರಿಗೆ. ಅಕ್ಟೋಬರ್‌ನಿಂದ ಮಾರ್ಚ್ ಶುರುವಿನ ತನಕ ಇಲ್ಲಿ ಬಿಸಿಲು ಎಷ್ಟು ಓರೆಯಾಗಿ ಬೀಳುತ್ತದೆ ಅಂದರೆ, ನಮ್ಮ ಚರ್ಮದಲ್ಲಿ ಡಿ ವಿಟಮಿನ್ ಮಾಡುವ ಕಿರಣ ನೆಲದವರೆಗೆ ಸಾಕಷ್ಟು ತಲುಪುವುದೇ ಇಲ್ಲ. ಕಿಟಕಿ ಗಾಜಿನ ಹಿಂದೆ ಕೂತು ಬಿಸಿಲು ಕಾಯಿಸಿದರೂ ಉಪಯೋಗವಿಲ್ಲ, ಗಾಜು ಆ ಕಿರಣವನ್ನು ತಡೆಯುತ್ತದೆ. ಇದರ ಮೇಲೆ ನಮ್ಮ ಮೈಬಣ್ಣ. ಬಿಸಿಲ ನಾಡಿನಲ್ಲಿ ನಮ್ಮನ್ನು ಕಾಪಾಡಿದ ಬಣ್ಣವೇ ಇಲ್ಲಿ ಆ ಸ್ವಲ್ಪ ಬಿಸಿಲನ್ನೂ ಒಳಗೆ ಬಿಡುವುದಿಲ್ಲ. ಬಿಳಿಯ ನೆರೆಯವರಿಗೆ ಬೇಸಿಗೆಯಲ್ಲಿ ಸಾಕಾಗುವ ಬಿಸಿಲು ನಮಗೆ ಸಾಲುವುದಿಲ್ಲ.

ಆದ್ದರಿಂದಲೇ ಇಲ್ಲಿನ ಸರ್ಕಾರ 2016ರಿಂದ ಎಲ್ಲರಿಗೂ ಹೇಳುತ್ತಿದೆ: ಚಳಿಗಾಲದಲ್ಲಿ ದಿನಕ್ಕೆ 10 ಮೈಕ್ರೋಗ್ರಾಂ ಡಿ ವಿಟಮಿನ್ ತೆಗೆದುಕೊಳ್ಳಿ. ನಮ್ಮಂಥ ದಕ್ಷಿಣ ಏಷ್ಯಾ ಮೂಲದವರು ವರ್ಷಪೂರ್ತಿ ತೆಗೆದುಕೊಳ್ಳುವುದು ಒಳ್ಳೆಯದು. ಸೂಪರ್‌ಮಾರ್ಕೆಟ್‌ನ ಅಗ್ಗದ ಡಬ್ಬಿಯೂ ಇದಕ್ಕೆ ಸಾಕು, ದುಬಾರಿ ಬ್ರ್ಯಾಂಡ್ ಬೇಕಾಗಿಲ್ಲ.

ಇದು ಈಗಿನ ಫ್ಯಾಷನ್ ಅಂದುಕೊಳ್ಳಬೇಡಿ. ಈ ಊರಿಗೆ ಇದರ ಕಹಿ ಅನುಭವ ಇದೆ. 1960ರ ದಶಕದಲ್ಲೇ ಗ್ಲಾಸ್ಗೋದ ವೈದ್ಯರು ಏಷ್ಯಾದಿಂದ ಬಂದು ನೆಲೆಸಿದ ಕುಟುಂಬಗಳ ಮಕ್ಕಳಲ್ಲಿ ರಿಕೆಟ್ಸ್ ಕಂಡಿದ್ದರು. ಮೂಳೆ ಮೆತ್ತಗಾಗಿ ಕಾಲು ಬಾಗುವ ಕಾಯಿಲೆ. ದೊಡ್ಡವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಸೊಂಟ ತೊಡೆಯ ನೋವು. 1979ರಲ್ಲಿ ಏಷ್ಯನ್ ಮಕ್ಕಳಿಗೆ ಡಿ ವಿಟಮಿನ್ ಉಚಿತವಾಗಿ ಹಂಚುವ ಅಭಿಯಾನ ಇದೇ ಊರಿನಲ್ಲಿ ಶುರುವಾಯಿತು. ಕೆಲವೇ ವರ್ಷಗಳಲ್ಲಿ ರಿಕೆಟ್ಸ್‌ನಿಂದ ಆಸ್ಪತ್ರೆ ಸೇರುವ ಮಕ್ಕಳ ಸಂಖ್ಯೆ ದಿಢೀರನೆ ಇಳಿಯಿತು. ನಮಗಿಂತ ಮೊದಲು ಬಂದವರ ಮಕ್ಕಳು ಪಟ್ಟ ಕಷ್ಟದಿಂದ ಸಿಕ್ಕ ತಿಳಿವಳಿಕೆ ಇದು. ಹಾಗಾಗಿ ಎದೆಹಾಲು ಕುಡಿಯುವ ಕೂಸಿಗೆ ಡಿ ವಿಟಮಿನ್ ಡ್ರಾಪ್ಸ್ ಹಾಕಿ ಎಂದು ಹೆಲ್ತ್ ವಿಸಿಟರ್ (ಮನೆಗೆ ಬಂದು ಮಗುವನ್ನು ನೋಡುವ ನರ್ಸ್) ಹೇಳಿದರೆ ದಯವಿಟ್ಟು ಹಾಕಿ. ಊರಲ್ಲಿ ಅಜ್ಜಿ ಎಣ್ಣೆ ಹಚ್ಚಿ ಎಳೆಬಿಸಿಲಿಗೆ ಮಲಗಿಸುತ್ತಿದ್ದರು, ನಿಜ. ಆ ಬಿಸಿಲು ಇಲ್ಲಿ ಇಲ್ಲವಲ್ಲ! ಸ್ಕಾಟ್ಲೆಂಡ್‌ನಲ್ಲಿ ಮೂರು ವರ್ಷದೊಳಗಿನ ಮಕ್ಕಳಿಗೆ ಈ ಡ್ರಾಪ್ಸ್ ಉಚಿತ. ಗರ್ಭಿಣಿಯರಿಗೂ ವಿಟಮಿನ್ ಉಚಿತವಾಗಿ ಸಿಗುತ್ತದೆ.

ಡಬ್ಬಿಯ ಹಿಂದೆ ಏನು ಬರೆದಿದೆ ಎಂದು ಒಮ್ಮೆ ಕನ್ನಡಕ ಹಾಕಿಕೊಂಡು ನೋಡಿ. ಐಯು ಎನ್ನುವುದು ವಿಟಮಿನ್‌ನ ಇನ್ನೊಂದು ಅಳತೆ, 10 ಮೈಕ್ರೋಗ್ರಾಂ ಅಂದರೆ 400 ಐಯು. ಕೆಲವು ಡಬ್ಬಿಗಳಲ್ಲಿ ಒಂದು ಲೆಕ್ಕ, ಕೆಲವದರಲ್ಲಿ ಇನ್ನೊಂದು. 1000 ಐಯು ಎಂದು ಕಂಡರೆ ಅದು 25 ಮೈಕ್ರೋಗ್ರಾಂ, ತೊಂದರೆ ಇಲ್ಲ. ದೊಡ್ಡವರು ದಿನಕ್ಕೆ 4000 ಐಯು ದಾಟಬಾರದು, ವೈದ್ಯರೇ ಬರೆದುಕೊಟ್ಟಿದ್ದರೆ ಬೇರೆ ಮಾತು. ಸಸ್ಯಾಹಾರಿಗಳು ಇನ್ನೊಂದನ್ನು ನೋಡಬೇಕು. ಎಷ್ಟೋ ಕ್ಯಾಪ್ಸೂಲ್‌ಗಳ ಹೊರಕವಚ ಜೆಲಾಟಿನ್, ಅಂದರೆ ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡಿದ್ದು. ಮಾತ್ರೆಗಳಲ್ಲಿರುವ ಡಿ ವಿಟಮಿನ್‌ನ ಒಂದು ರೂಪವಾದ ಡಿ3 ಸಾಮಾನ್ಯವಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ಬರುತ್ತದೆ. ಅದೂ ಬೇಡ ಅನ್ನುವವರಿಗೆ ಕಲ್ಲುಹೂವಿನ ಜಾತಿಯಿಂದ ತೆಗೆದ ಡಿ3 ಕೂಡ ಸಿಗುತ್ತದೆ, ಡಬ್ಬಿಯ ಮೇಲೆ ವೀಗನ್ ಎಂದು ಇರುತ್ತದೆ.

ಊರಿಂದ ಬರುವ ಅಪ್ಪ ಅಮ್ಮಂದಿರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅವರ ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಹುಳಿಪುಡಿ ಜತೆಗೆ ಡಿ ವಿಟಮಿನ್‌ನ ಸಣ್ಣ ಸ್ಯಾಶೆಗಳೂ ಇರುತ್ತವೆ. ಒಂದೊಂದರಲ್ಲಿ 60,000 ಐಯು. ಕೊರತೆ ಇದ್ದವರಿಗೆ ವಾರಕ್ಕೊಂದರಂತೆ ಕೆಲವು ವಾರ ಮಾತ್ರ ಎಂದು ಅಲ್ಲಿನ ಡಾಕ್ಟರು ಬರೆದಿರುತ್ತಾರೆ. ನಮ್ಮ ಸದಸ್ಯರೊಬ್ಬರ ತಂದೆ ಅದನ್ನು ದಿನಾ ಹಾಲಿಗೆ ಹಾಕಿ ಕುಡಿಯುತ್ತಿದ್ದರು. ಶಕ್ತಿ ಬರಲಿ ಎಂದು. ಬಾಯಾರಿಕೆ, ವಾಕರಿಕೆ, ಮಲಬದ್ಧತೆ, ಮಂಕು. ಮಗಳು ಅದನ್ನು ವಯಸ್ಸಿನ ಸುಸ್ತು ಅಂದುಕೊಂಡಿದ್ದರು. ರಕ್ತ ಪರೀಕ್ಷೆ ಮಾಡಿಸಿದಾಗ ಕ್ಯಾಲ್ಸಿಯಂ ತೀರಾ ಏರಿತ್ತು. ಈಗ ಹುಷಾರಾಗಿದ್ದಾರೆ. ಡಿ ವಿಟಮಿನ್ ಜಾಸ್ತಿಯಾದರೆ ಮೂತ್ರದಲ್ಲಿ ಹೋಗಿಬಿಡುವಂಥದ್ದಲ್ಲ. ಕೊಬ್ಬಿನಲ್ಲಿ ಕೂತು, ಕ್ಯಾಲ್ಸಿಯಂ ಏರಿಸಿ, ಮೂತ್ರಪಿಂಡವನ್ನೇ ಕೆಡಿಸಬಹುದು. ನಿಮ್ಮ ಮನೆಗೆ ಹಿರಿಯರು ಬಂದಿದ್ದರೆ ಇವತ್ತೇ ಅವರ ಮಾತ್ರೆಗಳ ಚೀಲ ತೆರೆದು ನೋಡಿ. ಗದರಿಸಬೇಡಿ, ಪಕ್ಕದಲ್ಲಿ ಕೂತು ಕೇಳಿ.

ಎರಡನೆಯದು ಬಿ12. ದಿನಕ್ಕೆ ಬೇಕಾಗಿರುವುದು 1.5 ಮೈಕ್ರೋಗ್ರಾಂ ಅಷ್ಟೇ. ಆದರೆ ಅದು ಸೊಪ್ಪು, ಬೇಳೆಕಾಳಿನಲ್ಲಿ ಇಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿದೆ. ಹಾಲು ಮೊಸರು ಚೆನ್ನಾಗಿ ತಿನ್ನುವ ಸಸ್ಯಾಹಾರಿಗಳಿಗೆ ಸಾಮಾನ್ಯವಾಗಿ ಸಾಕಾಗಬೇಕು. ಹಾಲು ಬಿಟ್ಟವರಿಗೆ ಸಾಲದು. ವಯಸ್ಸಾದವರಿಗೆ, ವರ್ಷಗಟ್ಟಲೆ ಗ್ಯಾಸ್ಟ್ರಿಕ್ ಮಾತ್ರೆ ನುಂಗುವವರಿಗೆ ತಿಂದದ್ದೂ ಮೈಗೆ ಹತ್ತದೆ ಹೋಗಬಹುದು. ಇನ್ನು ಮೆಟ್‌ಫಾರ್ಮಿನ್. ನಮ್ಮ ಸಂಘದಲ್ಲಿ ಈ ಶುಗರ್ ಮಾತ್ರೆ ಇಲ್ಲದ ಮನೆ ಕಡಿಮೆ. ಇದನ್ನು ಬಹಳ ಕಾಲ ತೆಗೆದುಕೊಂಡರೆ ಬಿ12 ಇಳಿಯುವುದು ಸಾಮಾನ್ಯ ಎಂದು ಇಲ್ಲಿನ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ ವೈದ್ಯರನ್ನು ಎಚ್ಚರಿಸಿದೆ. ಕಾಲು ಜುಮ್ಮೆನ್ನುವುದು, ಪಾದ ಜೋಮು ಹಿಡಿಯುವುದು, ನಾಲಿಗೆ ಉರಿ, ಮರೆವು ಇದರ ಲಕ್ಷಣಗಳು. ಶುಗರ್ ಇರುವವರು "ಶುಗರಿಂದ ಕಾಲು ಜೋಮು, ಇನ್ನೇನು ಮಾಡೋಕಾಗುತ್ತೆ" ಎಂದು ಸುಮ್ನೆ ಇದ್ದುಬಿಡುತ್ತಾರೆ. ಹಾಗೆ ಇರಬೇಡಿ. ನರಕ್ಕೆ ಆದ ಪೆಟ್ಟು ತಡವಾದರೆ ಪೂರ್ತಿ ವಾಪಸ್ ಬರದು. ಜಿಪಿ (ನಿಮ್ಮ ಕುಟುಂಬ ವೈದ್ಯರು) ಹತ್ತಿರ ಹೋಗಿ, "ನಾನು ಸಸ್ಯಾಹಾರಿ, ಮೆಟ್‌ಫಾರ್ಮಿನ್ ತಗೊಳ್ತೀನಿ, ಬಿ12 ನೋಡ್ತೀರಾ" ಎಂದು ಬಾಯಿಬಿಟ್ಟು ಕೇಳಿ.

ಮಗು ಬೇಕು ಎಂದುಕೊಂಡಿರುವ ಹೆಣ್ಣುಮಕ್ಕಳಿಗೆ ಫೋಲಿಕ್ ಆಸಿಡ್. ದಿನಕ್ಕೆ 400 ಮೈಕ್ರೋಗ್ರಾಂ, ಗರ್ಭ ನಿಲ್ಲುವ ಮೊದಲಿನಿಂದ 12 ವಾರದವರೆಗೆ. ಶುಗರ್ ಇದ್ದವರಿಗೆ ಇನ್ನೂ ಹೆಚ್ಚಿನ ಪ್ರಮಾಣ ಬೇಕಾಗುತ್ತದೆ, ವೈದ್ಯರೇ ಬರೆದುಕೊಡುತ್ತಾರೆ. ಇದರ ಹಿಂದಿನ ಕಥೆ ನನಗೆ ಬಹಳ ಇಷ್ಟ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಹೋದರು. ಅಲ್ಲಿನ ಬಟ್ಟೆ ಗಿರಣಿಯ ಬಡ ಹೆಂಗಸರು ಬಸುರಿಯಾದಾಗ ರಕ್ತಹೀನತೆಯಿಂದ ನರಳುತ್ತಿದ್ದರು. ಅವರು ಏನು ತಿನ್ನುತ್ತಾರೆ ಎಂದು ಲೂಸಿ ವಿಲ್ಸ್ ವಿಚಾರಿಸಿದರು. ಕೊನೆಗೆ ಅವರನ್ನು ಗುಣ ಮಾಡಿದ್ದು ಯೀಸ್ಟ್‌ನ ಸಾರ, ಇಲ್ಲಿನ ಅಂಗಡಿಗಳಲ್ಲಿ ಈಗಲೂ ಸಿಗುವ ಮಾರ್ಮೈಟ್. ಅದರೊಳಗಿದ್ದದ್ದು ಫೋಲೇಟ್, ಅಂದರೆ ಫೋಲಿಕ್ ಆಸಿಡ್‌ನ ಸಹಜ ರೂಪ, ಎಂದು ಆಮೇಲೆ ತಿಳಿಯಿತು. 1991ರಲ್ಲಿ ಇನ್ನೊಂದು ದೊಡ್ಡ ಪ್ರಯೋಗ, ಮಗುವಿನ ಬೆನ್ನುಹುರಿಯ ದೋಷವನ್ನು ಫೋಲಿಕ್ ಆಸಿಡ್ ಬಹುಮಟ್ಟಿಗೆ ತಡೆಯುತ್ತದೆ ಎಂದು ತೋರಿಸಿತು. ಮಾತ್ರೆಗಳ ಬಗ್ಗೆ ನನಗೆ ಅಸಡ್ಡೆ ಇಲ್ಲ ಎನ್ನುವುದಕ್ಕೆ ಇದನ್ನು ಹೇಳಿದೆ. ಸರಿಯಾದವರಿಗೆ, ಸರಿಯಾದ ಹೊತ್ತಿಗೆ ಕೊಟ್ಟ ಮಾತ್ರೆ ಒಂದು ಮನೆಯ ಬದುಕನ್ನೇ ಉಳಿಸುತ್ತದೆ.

ಕಬ್ಬಿಣದ ವಿಷಯಕ್ಕೆ ಬಂದರೆ ಅರ್ಧ ಕೆಲಸ ನಮ್ಮ ಅಡುಗೆಮನೆಯಲ್ಲೇ ಆಗುತ್ತದೆ. ಹೆಸರುಬೇಳೆ ಕೋಸಂಬರಿಗೆ ನಿಂಬೆಹಣ್ಣು ಹಿಂಡುತ್ತೇವಲ್ಲ, ಆ ಹುಳಿಯಲ್ಲಿರುವ ಸಿ ವಿಟಮಿನ್ ಬೇಳೆಯ ಕಬ್ಬಿಣ ಮೈಗೆ ಹತ್ತುವಂತೆ ಮಾಡುತ್ತದೆ. ಮೊಳಕೆಕಾಳು ಉಸಲಿ, ಸೊಪ್ಪಿನ ಪಲ್ಯಕ್ಕೂ ಇದೇ ಮಾತು. ಊಟ ಮುಗಿದ ತಕ್ಷಣ ಕುಡಿಯುವ ಕಾಫಿ ಟೀ ಇದಕ್ಕೆ ಉಲ್ಟಾ, ಕಬ್ಬಿಣವನ್ನು ಒಳಗೆ ಹೋಗಗೊಡುವುದಿಲ್ಲ. ಕಾಫಿ ಬಿಡಿ ಅನ್ನುವುದಿಲ್ಲ, ಒಂದು ಗಂಟೆ ಬಿಟ್ಟು ಕುಡಿಯಿರಿ. ಕಬ್ಬಿಣದ ಮಾತ್ರೆಯನ್ನು ಮಾತ್ರ ರಕ್ತ ಪರೀಕ್ಷೆ ಇಲ್ಲದೆ ಶುರು ಮಾಡಬೇಡಿ. ರಾಗಿಯ ಕ್ಯಾಲ್ಸಿಯಂ ಬಗ್ಗೆ ಎಲ್ಲರಿಗೂ ಗೊತ್ತು. ನೂರು ಗ್ರಾಂ ಹಿಟ್ಟಿನಲ್ಲಿ 300 ಮಿಲಿಗ್ರಾಂಗೂ ಜಾಸ್ತಿ ಇದೆ. ಅಷ್ಟೂ ಮೈಗೆ ಹತ್ತುವುದಿಲ್ಲ. ಆದರೂ ಮುದ್ದೆಯ ಜತೆ ಒಂದು ಲೋಟ ಮಜ್ಜಿಗೆ ಇದ್ದರೆ ಒಳ್ಳೆಯ ಊಟವೇ.

ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಇದನ್ನು ಗಮನಿಸಿ. ಬೆಳಿಗ್ಗೆ ಲೆವೊಥೈರಾಕ್ಸಿನ್, ಅದರ ಬೆನ್ನಿಗೇ ಫಿಲ್ಟರ್ ಕಾಫಿ, ಅದರ ಜತೆ ಕ್ಯಾಲ್ಸಿಯಂ ಮಾತ್ರೆ. ಎಷ್ಟೋ ಮನೆಗಳ ಬೆಳಗು ಹೀಗೇ ಇದೆ. ಹೀಗಾದರೆ ಥೈರಾಯ್ಡ್ ಮಾತ್ರೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಕಾಫಿಗೆ ಅರ್ಧ ಗಂಟೆ, ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗೆ ನಾಲ್ಕು ಗಂಟೆ ಅಂತರ ಇರಲಿ.

ಬೇಡದ್ದರ ಪಟ್ಟಿ ಉದ್ದ ಇದೆ, ಎರಡು ಮೂರು ಮಾತ್ರ ಹೇಳುತ್ತೇನೆ. ಸಾರಿನ ಚಿಟಿಕೆ ಅರಿಶಿನ ಬೇರೆ, ಕಾಳುಮೆಣಸಿನ ಸತ್ವ ಸೇರಿಸಿ ಮಾಡಿದ ಅರಿಶಿನದ ಕ್ಯಾಪ್ಸೂಲ್ ಬೇರೆ. ಅಂಥ ಕ್ಯಾಪ್ಸೂಲ್‌ನಿಂದ ಲಿವರ್‌ಗೆ ಹಾನಿಯಾಗಬಹುದೆಂದು ಆಸ್ಟ್ರೇಲಿಯಾದ ಔಷಧ ಸಂಸ್ಥೆ 2023ರಲ್ಲಿ ಎಚ್ಚರಿಸಿತು. ಅಶ್ವಗಂಧವನ್ನು ಡೆನ್ಮಾರ್ಕ್ ಅದೇ ವರ್ಷ ನಿಷೇಧಿಸಿತು. ಗಿಡಮೂಲಿಕೆ ಅಂದ ಮಾತ್ರಕ್ಕೆ ನಿರಪಾಯ ಅಲ್ಲ. ಕೂದಲಿಗೆಂದು ತಿನ್ನುವ ಬಯೋಟಿನ್ (ಬಿ ಗುಂಪಿನ ಒಂದು ವಿಟಮಿನ್) ಗಮ್ಮಿಗಳು ಥೈರಾಯ್ಡ್ ಪರೀಕ್ಷೆ, ಹೃದಯಾಘಾತ ಪತ್ತೆ ಮಾಡುವ ರಕ್ತ ಪರೀಕ್ಷೆ ಎರಡನ್ನೂ ತಪ್ಪು ತೋರಿಸುವಂತೆ ಮಾಡಬಲ್ಲವು. ಬಸುರಿಯರು ಕಾಡ್ ಮೀನಿನ ಲಿವರ್ ಎಣ್ಣೆ ಮುಟ್ಟಬಾರದು, ಅದರಲ್ಲಿರುವ ಎ ವಿಟಮಿನ್ ಮಗುವಿಗೆ ಕೆಡುಕು.

ಇಷ್ಟು ಹೇಳಿದರೂ ನಮ್ಮನ್ನು ನಿಜವಾಗಿ ಕಾಡುತ್ತಿರುವುದು ಶುಗರ್ ಮತ್ತು ಹೃದಯದ ತೊಂದರೆ. ಅದಕ್ಕೆ ಯಾವ ವಿಟಮಿನ್ನೂ ಇಲ್ಲ. ನಮ್ಮವರಿಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 23 ದಾಟಿದರೇ ಶುಗರ್‌ನ ಅಪಾಯ ಏರತೊಡಗುತ್ತದೆ, ಬಿಳಿಯರಿಗೆ ಆ ಗಡಿ 25. ನೋಡಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವ ಗಂಡಸರು ನಮ್ಮಲ್ಲಿ ಬಹಳ ಜನ. ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಿರಿ, ಎರಡು ದಿನ ಸ್ನಾಯುಗಳಿಗೆ ಕೆಲಸ ಕೊಡಿ ಎನ್ನುತ್ತದೆ ಇಲ್ಲಿನ ಸಲಹೆ. ಮಳೆಯಲ್ಲಿ ಎಲ್ಲಿ ನಡೆಯೋದು ಅನ್ನುವ ಪ್ರಶ್ನೆ ನ್ಯಾಯವೇ. ಮಧ್ಯಾಹ್ನದ ಬಿಡುವಿನಲ್ಲಿ, ಬೆಳಕಿರುವಾಗಲೇ, ಆಫೀಸಿನಿಂದ ಹೊರಗೆ ಹತ್ತು ಹದಿನೈದು ನಿಮಿಷ ನಡೆಯಿರಿ. ರಾತ್ರಿ ಊಟವಾದ ಮೇಲೆ ಮನೆಯೊಳಗೇ ಓಡಾಡಿ. ತಟ್ಟೆಯಲ್ಲಿ ಅನ್ನ ಇಳಿಸಿ ಹುಳಿ, ಪಲ್ಯ ಏರಿಸಿ. ಇನ್ನು ನಿದ್ದೆ. ಭಾರತ ಚಳಿಗಾಲದಲ್ಲಿ ನಮಗಿಂತ ಐದೂವರೆ ಗಂಟೆ ಮುಂದೆ ಇರುತ್ತದೆ. ಅಲ್ಲಿಯ ತಂಡದ ಜತೆ ಕೆಲಸಕ್ಕೆ ನಸುಕಿಗೇ ಎದ್ದು, ರಾತ್ರಿ ಸರಿಹೊತ್ತಿನ ತನಕ ಫೋನ್ ನೋಡುವವರು ಮೊದಲು ಫೋನ್ ಇಡಿ. ಆಮೇಲೂ ಸುಸ್ತು ಹೋಗದಿದ್ದರೆ ಮಾತ್ರೆಯ ಮಾತು.

ಈ ಸಲ ರಾಜ್ಯೋತ್ಸವದ ದಿನ ಊಟದ ಹಾಲ್‌ನ ಪಕ್ಕದಲ್ಲಿ ಒಂದು ಮೇಜು ಹಾಕಿಸುತ್ತಿದ್ದೇವೆ. ನಮ್ಮ ವೈದ್ಯ ಸದಸ್ಯರು, ಜತೆಗೆ ಫಾರ್ಮಸಿಯಲ್ಲಿ ಕೆಲಸ ಮಾಡುವ ಸದಸ್ಯರೊಬ್ಬರು ಕೂತಿರುತ್ತಾರೆ. ಮನೆಯಲ್ಲಿರುವ ಎಲ್ಲ ಡಬ್ಬಿ, ಪುಡಿ, ಸ್ಯಾಶೆ, ಲೇಹ್ಯಗಳನ್ನು ಒಂದು ಚೀಲಕ್ಕೆ ಹಾಕಿಕೊಂಡು ಬನ್ನಿ. ಡಾಕ್ಟರು ಬರೆದುಕೊಟ್ಟ ಮಾತ್ರೆಗಳ ಚೀಟಿಯನ್ನೂ ಮರೆಯದೆ ತನ್ನಿ, ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡಲು ಅದು ಬೇಕೇ ಬೇಕು. ಬರಲಾಗದವರು ಹತ್ತಿರದ ಫಾರ್ಮಸಿಗೆ ಹೋಗಿ ಕೇಳಿ. ಅಪಾಯಿಂಟ್‌ಮೆಂಟ್ ಬೇಡ, ದುಡ್ಡೂ ಬೇಡ.