ಕತ್ತಿ ಹಿಡಿದವನಿಗೇ ಏಕೆ ಶಿಕ್ಷೆ?

ಮಾನ್ಯರೇ,

‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನಂಥ ರೋಲ್‌ಪ್ಲೇ ಆಟವನ್ನು (ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತ ಆಡುವ ಕಥೆಯಾಟ) ಮಕ್ಕಳಿಗೋ ಗೆಳೆಯರಿಗೋ ಆಡಿಸಲು ಹೊರಟವರು ಮೊದಲ ದಿನವೇ ತಮ್ಮದೊಂದಿಷ್ಟು ಹೌಸ್ ರೂಲ್ (ಪುಸ್ತಕದಲ್ಲಿಲ್ಲದ ಸ್ವಂತ ನಿಯಮ) ಸೇರಿಸಿಬಿಡುತ್ತಾರೆ. ಅದು ತಪ್ಪಲ್ಲ. ಚೌಕಾಬಾರದಲ್ಲೂ ಒಂದು ಕಾಯಿ ಹೊಡೆಯದೆ ಒಳಮನೆಗೆ ಹೋಗಬಾರದೆಂಬ ನಿಯಮ ಒಬ್ಬರ ಮನೆಯಲ್ಲಿರುತ್ತದೆ, ಪಕ್ಕದವರಲ್ಲಿ ಇರುವುದಿಲ್ಲ. ಆದರೆ ಲೆಕ್ಕ ಹಾಕದೆ ತಂದ ನಿಯಮ ಯಾರೋ ಒಬ್ಬರ ಆಟವನ್ನು ಪೂರಾ ಕೆಡಿಸುತ್ತದೆ.

ಎಲ್ಲಕ್ಕಿಂತ ಹೆಚ್ಚು ಕೆಡಿಸುವುದು ‘ಫಂಬಲ್’. ಏಟು ತಗುಲಿತೇ ಎಂದು ನೋಡಲು ಹಾಕುವ 20 ಮುಖದ ದಾಳದಲ್ಲಿ 1 ಬಿದ್ದರೆ ಕತ್ತಿ ಕೈಜಾರಿತು, ಇಲ್ಲವೇ ಪಕ್ಕದ ಗೆಳೆಯನಿಗೇ ತಗುಲಿತು ಎನ್ನುವ ನಿಯಮ. ಮೂಲ ನಿಯಮದಲ್ಲಿ 1 ಬಿದ್ದರೆ ಏಟು ತಪ್ಪುತ್ತದೆ, ಅಷ್ಟೆ. ನಾಲ್ಕು ಸುತ್ತಿನ ಕಾಳಗವೊಂದನ್ನು ನೋಡಿ. ಮೊದಲ ಲೆವೆಲ್‌ನ ಫೈಟರ್ (ಯೋಧ; ಲೆವೆಲ್ ಎಂದರೆ ಪಾತ್ರದ ಅನುಭವದ ಮೆಟ್ಟಿಲು) ಸುತ್ತಿಗೊಂದರಂತೆ ನಾಲ್ಕು ಸಲ ದಾಳ ಉರುಳಿಸುತ್ತಾನೆ. ಒಮ್ಮೆಯಾದರೂ 1 ಬೀಳುವ ಸಾಧ್ಯತೆ ಸುಮಾರು ಶೇ 19. ಐದನೇ ಲೆವೆಲ್‌ಗೆ ಸುತ್ತಿಗೆ ಎರಡು ಏಟು, ಸಾಧ್ಯತೆ ಶೇ 34. ಹನ್ನೊಂದಕ್ಕೆ ಮೂರು ಏಟು, ಶೇ 46. ಪಳಗಿದಷ್ಟೂ ಕೈಜಾರುವುದು ಹೆಚ್ಚುತ್ತದೆ! ಅತ್ತ ಫೈರ್‌ಬಾಲ್ ಎಸೆಯುವ ಮಂತ್ರವಾದಿ ದಾಳಿಯ ದಾಳ ಹಾಕುವುದೇ ಇಲ್ಲ, ತಪ್ಪಿಸಿಕೊಳ್ಳಲು ಶತ್ರುಗಳೇ ಹಾಕಬೇಕು. ಅವನಿಗೆ ಫಂಬಲ್‌ನ ಬಿಸಿ ತಟ್ಟುವುದಿಲ್ಲ. ಈ ನಿಯಮವನ್ನು ದಯವಿಟ್ಟು ಕೈಬಿಡಿ.

‘ಕ್ರಿಟಿಕಲ್’ ವಿಷಯ ಬೇರೆ. 20 ಬಿದ್ದಾಗ ಅದು ಭರ್ಜರಿ ಏಟು; ಪೆಟ್ಟು ಎಷ್ಟೆಂದು ತೋರಿಸುವ ದಾಳವನ್ನು ಎರಡು ಸಲ ಹಾಕಬೇಕೆಂಬುದು ಮೂಲ ನಿಯಮ. ಎರಡೂ ಸಲ 1 ಬಿದ್ದು ಖುಷಿಯೆಲ್ಲ ಇಳಿದುಹೋಗುವುದುಂಟು. ಅದಕ್ಕೇ ಹಲವರು ಒಂದು ದಾಳದ ಗರಿಷ್ಠ ಅಂಕ ಕೊಟ್ಟು, ಇನ್ನೊಂದನ್ನು ಮಾತ್ರ ಉರುಳಿಸುತ್ತಾರೆ. ಒಳ್ಳೆಯದೇ, ಆದರೆ ಆಟಗಾರರಿಗೆ ಮಾತ್ರ. ರಾಕ್ಷಸರಿಗೂ ಕೊಟ್ಟರೆ ಗಾಬ್ಲಿನ್‌ನ ಕತ್ತಿಯಿಂದ ಕನಿಷ್ಠ 9 ಪೆಟ್ಟು ಬೀಳುತ್ತದೆ (ಆರು ಮುಖದ ಒಂದು ದಾಳದ ಗರಿಷ್ಠ 6, ಇನ್ನೊಂದರ ಕನಿಷ್ಠ 1, ಜತೆಗೆ ಅದರ ಪೆಟ್ಟಿಗೆ ಸದಾ ಸೇರುವ 2). ಮೊದಲ ಲೆವೆಲ್‌ನ ಮಂತ್ರವಾದಿಗಿರುವುದು ಸಾಮಾನ್ಯವಾಗಿ 8 ಹಿಟ್ ಪಾಯಿಂಟ್ (ಪ್ರಾಣಬಲದ ಅಂಕ) ಆಸುಪಾಸು. ಪೂರ್ತಿ ಆರೋಗ್ಯದಲ್ಲಿದ್ದರೂ ಒಂದೇ ಏಟಿಗೆ ನೆಲಕ್ಕುರುಳುತ್ತಾನೆ.

ಗಾಯ ಮಾಗಿಸುವ ಮದ್ದು ಕುಡಿಯುವುದನ್ನು ಬೋನಸ್ ಆ್ಯಕ್ಷನ್ (ಸುತ್ತಿನ ಮುಖ್ಯ ಕೆಲಸವಾದ ‘ಆ್ಯಕ್ಷನ್’ ಜತೆಗೆ ಮಾಡಬಹುದಾದ ಚಿಕ್ಕ ಕೆಲಸ) ಮಾಡಿ, ನಷ್ಟವಿಲ್ಲ. ಆಟದ 2014ರ ನಿಯಮಪುಸ್ತಕದಲ್ಲಿ ಅದಕ್ಕೆ ಪೂರ್ತಿ ಆ್ಯಕ್ಷನ್ ಬೇಕಿತ್ತು. ಅಷ್ಟಕ್ಕೆ ಸಿಗುತ್ತಿದ್ದುದು ಸರಾಸರಿ 7 ಪಾಯಿಂಟ್, ಯಾರೂ ಕುಡಿಯುತ್ತಿರಲಿಲ್ಲ. ಹೌಸ್ ರೂಲ್ ಆಗಿದ್ದ ಇದೇ ಬದಲಾವಣೆ 2024ರ ಪುಸ್ತಕದಲ್ಲಿ ಅಧಿಕೃತವಾಯಿತು. ಪಾತ್ರದ ಬಲ, ಬುದ್ಧಿ ಮುಂತಾದ ಆರು ಗುಣಗಳಿಗೆ ದಾಳ ಹಾಕಿಸಿದರೆ ಒಂದು ಮಗುವಿಗೆ 17, ಇನ್ನೊಂದಕ್ಕೆ ಹೆಚ್ಚೆಂದರೆ 12 ಬಂದು ಅಳುವಿಗೆ ದಾರಿ. ಪ್ರತಿಯೊಬ್ಬರಿಗೂ 15, 14, 13, 12, 10, 8 ಎಂಬ ಇದೇ ಆರು ಅಂಕ ಕೊಟ್ಟು, ತಮ್ಮ ಪಾತ್ರದ ಗುಣಗಳಿಗೆ ಹಂಚಿಕೊಳ್ಳಲು ಬಿಡಿ.

20 ಮುಖದ ದಾಳ ಸಿಗಲಿಲ್ಲವೆಂದು ನಿಲ್ಲಬೇಕಿಲ್ಲ. 1ರಿಂದ 10ರವರೆಗೆ ಬರೆದ ಹತ್ತು ಚೀಟಿ ಡಬ್ಬಿಗೆ ಹಾಕಿ, ಒಂದು ನಾಣ್ಯ ಇಟ್ಟುಕೊಳ್ಳಿ. ಹೆಡ್ ಬಿದ್ದರೆ ಚೀಟಿಯ ಅಂಕ, ಟೇಲ್ ಬಿದ್ದರೆ ಅದಕ್ಕೆ 10 ಕೂಡಿಸಿ. ಎತ್ತಿದ ಚೀಟಿಯನ್ನು ಪ್ರತಿ ಸಲವೂ ವಾಪಸು ಹಾಕಿ ಕುಲುಕಬೇಕು. ನಾಣ್ಯದ ಬದಲು ಒಟ್ಟಿಗೇ ಎರಡು ಚೀಟಿ ಎತ್ತಿ ಕೂಡಿಸುವವರಿದ್ದಾರೆ. ಆಗ ಮೊತ್ತ 11ರ ಸುತ್ತ ಗುಂಪುಗೂಡುತ್ತದೆ, 20 ಬರುವುದೇ ಇಲ್ಲ.

ಪುಸ್ತಕದ ಬೆಲೆಗೂ ಹೆದರಬೇಕಿಲ್ಲ. ಐದನೇ ಆವೃತ್ತಿಯ ಮೂಲ ನಿಯಮಗಳಿರುವ, ಸುಮಾರು 400 ಪುಟಗಳ ‘ಎಸ್‌ಆರ್‌ಡಿ 5.1’ ಎಂಬ ನಿಯಮಸಂಗ್ರಹ 2023ರ ಜನವರಿಯಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಉಚಿತವಾಗಿದೆ. ಮೂಲವನ್ನು ಉಲ್ಲೇಖಿಸಿದರೆ ಅನುವಾದಿಸಬಹುದು, ಅಚ್ಚು ಹಾಕಬಹುದು, ಮಾರಲೂಬಹುದು. ಅದರಲ್ಲಿ ದಾಳ, ಕಾಳಗ, ಪೆಟ್ಟಿನ ನಿಯಮಗಳಷ್ಟನ್ನಾದರೂ ಕನ್ನಡಕ್ಕೆ ತಂದು ತಮ್ಮ ಮಕ್ಕಳ ಪುರವಣಿಯಲ್ಲಿ ಪ್ರಕಟಿಸಬೇಕೆಂದು ಕೋರುತ್ತೇವೆ.

– ಆಟ ಆಡಿಸುವ ಓದುಗರು, ಬೆಂಗಳೂರು