ಭಾನುವಾರದೊಳಗೆ ಎಲ್ಲರೂ ಮೂರು ಕಾಲಂ ಬರೆದಿಡಿ

ಎಲ್ಲರಿಗೂ ನಮಸ್ಕಾರ. ಮಾತು ಬಾರದ ಮಕ್ಕಳ ಪೋಷಕರ ಈ ಗುಂಪಿಗೆ, ಮಗ ಕಿರುಚಿದ, ಹೊಡೆದ, ತಟ್ಟೆ ಎಸೆದ ಅಂತ ದಿನಾ ವಾಯ್ಸ್ ಮೆಸೇಜ್ ಬರುತ್ತಿವೆ. ಅದರ ಬದಲು ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ: ಅದಕ್ಕೆ ಮುಂಚೆ ಏನಾಯ್ತು, ಮಗು ಏನು ಮಾಡಿತು, ಆಮೇಲೆ ನೀವೇನು ಮಾಡಿದಿರಿ. "ಹಠ ಮಾಡಿದ" ಅಂತ ಬೇಡ, ಕಣ್ಣಿಗೆ ಕಂಡಿದ್ದಷ್ಟೇ ಬರೆಯಿರಿ. ಮೂರನೇ ಕಾಲಂ ಮುಖ್ಯ, ಎಲ್ಲರೂ ಖಾಲಿ ಬಿಡೋದೂ ಅದನ್ನೇ.

ಹುಡುಗ ಮಂಡಕ್ಕಿ ಅಂಗಡಿ ಮುಂದೆ ಬಿದ್ದು ಹೊರಳಾಡುತ್ತಾನೆ, ಜನ ನೋಡ್ತಾರೆ ಅಂತ ನಾವು ಬೇಗ ಒಂದು ಮಿರ್ಚಿ ಕೊಡಿಸಿ ಎಬ್ಬಿಸುತ್ತೇವೆ, ಅಲ್ವಾ? ಹೊರಳಾಡಿದರೆ ಮಿರ್ಚಿ ಸಿಗುತ್ತೆ ಅಂತ ಅವನು ಕಲಿತ. ಮಾತು ಬಾರದವನಿಗೆ ಅದೇ ಕೇಳುವ ದಾರಿ. ಅದಕ್ಕೇ ಮಿರ್ಚಿಯ ಫೋಟೋ ಇರುವ ಕಾರ್ಡ್ ಕೈಗೆ ಕೊಡಿ. ಬೀಳುವ ಮುಂಚೆಯೇ ಕೈ ಹಿಡಿದು ಕಾರ್ಡ್ ಕೊಡಿಸಿ, ಕೊಟ್ಟ ತಕ್ಷಣ ಮಿರ್ಚಿ ಕೊಡಿ, ದಿನ ಕಳೆದಂತೆ ಕೈ ಹಿಡಿಯೋದು ಕಡಿಮೆ ಮಾಡಿ. ಕೇಳುವ ದಾರಿ ಕಲಿಸಿದರೆ ಇಂಥ ನಡವಳಿಕೆ ಇಳಿಯುತ್ತದೆ ಅಂತ ಕಾರ್ ಮತ್ತು ಡುರಾಂಡ್ ಎಂಬ ಮನಶ್ಶಾಸ್ತ್ರಜ್ಞರು 1985ರಲ್ಲೇ ತೋರಿಸಿದ್ದಾರೆ.

ಹೊರಳಾಡಿದಾಗ ಕೊಡೋದು ನಿಲ್ಲಿಸಿದರೆ ಮೊದಲು ಗಲಾಟೆ ಜಾಸ್ತಿ ಆಗಬಹುದು. ಆಗ ಸೋತು ಕೊಟ್ಟರೆ ಇನ್ನೂ ಜೋರಾಗಿ ಮಾಡಬೇಕು ಅಂತ ನಾವೇ ಹೇಳಿಕೊಟ್ಟಂತೆ. ತಲೆ ಚಚ್ಚಿಕೊಳ್ಳುವ ಮಕ್ಕಳಿದ್ದರೆ ಮಾತ್ರ ನೀವೊಬ್ಬರೇ ಇದನ್ನು ಮಾಡಬೇಡಿ, ಥೆರಪಿಸ್ಟ್ ಜೊತೆಗಿರಲಿ. ಇಂಥ ನಡವಳಿಕೆ ಇದ್ದಕ್ಕಿದ್ದಂತೆ ಶುರುವಾಗಿದ್ದರೆ ಮೊದಲು ಡಾಕ್ಟರಿಗೆ ಕಿವಿ, ಹಲ್ಲು, ಹೊಟ್ಟೆ ತೋರಿಸಿ.

ಪುಟದ ಫೋಟೋ ಇಲ್ಲಿ ಹಾಕಬೇಡಿ, ಮಕ್ಕಳ ಹೆಸರು ಇರುತ್ತೆ. ಭಾನುವಾರ ಗಾಜಿನ ಮನೆ ಹತ್ತಿರ ಸೇರುವಾಗ ನೋಟ್‌ಬುಕ್ಕೇ ತನ್ನಿ.