ಗುಳಿಗೆ ಬಿಟ್ಟ ಮೇಲೆ ಬಂದ ಉರಿ: ಗೆಳೆಯನಿಗೊಂದು ಪತ್ರ

ಮಾರಾಯ,

ನಾಲ್ಕು ವರ್ಷ ನುಂಗಿದ, ಹೊಟ್ಟೆಯ ಆಸಿಡ್ ತಗ್ಗಿಸುವ ಓಮೆಪ್ರಜೋಲ್ ಗುಳಿಗೆಯನ್ನು ಒಂದೇ ಸಲಕ್ಕೆ ಬಿಟ್ಟೆ, ಈಗ ಎದೆ ಉರಿ ಮೊದಲಿಗಿಂತ ಜಾಸ್ತಿ, ಮಾವಿನಕಾಯಿಯ ಅಪ್ಪೆಹುಳಿಯ ಲೋಟ ಕಂಡರೂ ಹೆದರಿಕೆ ಅಂತ ಬರೆದಿದ್ದೀಯ. ಶಿರಸಿಯವನಿಗೆ ಇದಕ್ಕಿಂತ ಶಿಕ್ಷೆ ಬೇಕಾ!

ನನಗೆ ಫಾರ್ಮಸಿ ಕಾಲೇಜಿನ ಇಲಿಗಳು ನೆನಪಾದವು. ಅರಿವಳಿಕೆ ಕೊಟ್ಟು ಜಠರದ ಕೆಳಬಾಯಿಗೆ ದಾರ ಕಟ್ಟುತ್ತಿದ್ದೆವು. ನಾಲ್ಕು ಗಂಟೆ ಬಿಟ್ಟು ಒಳಗೆ ಸೇರಿದ ರಸ ತೆಗೆದು, ಅದರಲ್ಲಿ ಆಸಿಡ್ ಎಷ್ಟಿದೆ ಎಂದು ಅಳೆಯಲು ಬುರೆಟ್ ಎಂಬ ಅಳತೆಯ ಗಾಜಿನ ಕೊಳವೆಯಿಂದ ಕಾಸ್ಟಿಕ್ ಸೋಡಾ ಹನಿಸುವುದು. ಆಸಿಡ್ ತಗ್ಗಿಸುವ ಮದ್ದು ತಿಂದ ಇಲಿಯ ರಸ ಕೆಲವೇ ಹನಿಗೆ ಗುಲಾಬಿಯಾಗುತ್ತಿತ್ತು. ತಿನ್ನದ ಇಲಿಯದ್ದು ಎಷ್ಟು ಹನಿಸಿದರೂ ಬಣ್ಣ ಬರುತ್ತಿರಲಿಲ್ಲ. ಆ ಇಲಿಗಳನ್ನು ನೆನೆದರೆ ಈಗಲೂ ಪಿಚ್ಚೆನಿಸುತ್ತದೆ, ಇರಲಿ.

ನಮ್ಮದು ಒಂದು ದಿನದ ಆಟ. 1980ರ ದಶಕದಲ್ಲಿ ಇದೇ ಓಮೆಪ್ರಜೋಲನ್ನು ಇಲಿಗಳಿಗೆ ಎರಡು ವರ್ಷ ಕೊಟ್ಟು ನೋಡಿದರು. ಇಲಿಗೆ ಅದು ಹೆಚ್ಚುಕಡಿಮೆ ಇಡೀ ಆಯುಷ್ಯ. ಆಸಿಡ್ ಬತ್ತಿದಾಗ ಜಠರ ಸುಮ್ನೆ ಕೂರಲಿಲ್ಲ. 'ಆಸಿಡ್ ತಾ' ಎಂದು ಕೂಗುವ ಗ್ಯಾಸ್ಟ್ರಿನ್ ಹಾರ್ಮೋನು ರಕ್ತದಲ್ಲಿ ಏರಿತು. ಅದರ ಮಾತು ಕೇಳುವ, ಜಠರದ ಗೋಡೆಯ ಇಸಿಎಲ್ ಎಂಬ ಕೋಶಗಳು ಬೆಳೆದವು, ಕೆಲವು ಇಲಿಗಳಲ್ಲಿ ಗಡ್ಡೆಯೂ ಆಯಿತು. ಗಾಬರಿಯಿಂದ ಮನುಷ್ಯರ ಮೇಲಿನ ಪರೀಕ್ಷೆಯನ್ನೇ ಸ್ವಲ್ಪ ಕಾಲ ನಿಲ್ಲಿಸಿದ್ದರು. ಆಮೇಲೆ, ಮದ್ದೇ ಕೊಡದೆ ಆಸಿಡ್ ಸುರಿಸುವ ಭಾಗದ ಬಹುಪಾಲನ್ನು ಕತ್ತರಿಸಿ ತೆಗೆದ ಇಲಿಗಳಲ್ಲೂ ಗಡ್ಡೆ ಕಂಡಿತು. ಏರಿದ ಗ್ಯಾಸ್ಟ್ರಿನ್ನಿನ ಕೆಲಸ ಅದು ಎಂದು ಗೊತ್ತಾಯಿತು. 1988ರಲ್ಲಿ ಗುಳಿಗೆ ಪೇಟೆಗೆ ಬಂತು. ಗಡ್ಡೆ ಅಂದಕೂಡಲೇ ಹೆದರಬೇಡ, ಇಲಿಗಳಲ್ಲಿ ಆದಂತೆ ಮನುಷ್ಯರಲ್ಲಿ ಆಗಿಲ್ಲ.

ಗ್ಯಾಸ್ಟ್ರಿನ್ ಮಾತ್ರ ನಮಗೂ ಏರುತ್ತದೆ. ನಮ್ಮ ಅಘನಾಶಿನಿ ಹೊಳೆಯ ಬದಿಯ ಗಜನಿ ಗದ್ದೆಗೆ ಉಪ್ಪುನೀರು ತಡೆಯುವ ಬಾಗಿಲು ನೋಡಿದ್ದೀಯಲ್ಲ? ಭರತದ ಹೊತ್ತಲ್ಲಿ ಅದನ್ನು ಒಮ್ಮೆಲೇ ಎತ್ತಿದರೆ ಉಪ್ಪುನೀರು ಹೇಗೆ ನುಗ್ಗುತ್ತದೆ! ನಿನ್ನ ಹೊಟ್ಟೆಯಲ್ಲಿ ಆಗಿದ್ದು ಅದೇ: ಗುಳಿಗೆಯೆಂಬ ಬಾಗಿಲು ಎತ್ತಿದೆ, ಏರಿದ್ದ ಗ್ಯಾಸ್ಟ್ರಿನ್ನಿನ ಕೂಗಿಗೆ ಆಸಿಡ್ ನುಗ್ಗಿತು. 2009ರಲ್ಲಿ ಡೆನ್ಮಾರ್ಕಿನವರು ಎದೆ ಉರಿಯೇ ಇಲ್ಲದ 120 ಜನರನ್ನು ಆರಿಸಿ, ಅರ್ಧ ಜನರಿಗೆ ಎಂಟು ವಾರ ಇದೇ ಜಾತಿಯ ಗುಳಿಗೆ ಕೊಟ್ಟರು, ಉಳಿದವರಿಗೆ ಬರೀ ಸುಳ್ಳು ಗುಳಿಗೆ. ನಿಲ್ಲಿಸಿದ ಮೇಲೆ ನಿಜವಾದ ಗುಳಿಗೆ ತಿಂದವರಲ್ಲಿ ಶೇಕಡಾ 44 ಮಂದಿಗೆ ಉರಿ, ಹುಳಿತೇಗು ಶುರುವಾಯಿತು. ಸುಳ್ಳು ಗುಳಿಗೆಯವರಲ್ಲಿ ಶೇಕಡಾ 15. ಕಾಯಿಲೆಯೇ ಇಲ್ಲದವರಿಗೆ ಕಾಯಿಲೆ, ಅದೂ ಎಂಟೇ ವಾರಕ್ಕೆ! ನಿನ್ನದು ನಾಲ್ಕು ವರ್ಷ.

ಹಾಗಾಗಿ ಉರಿ ಜಾಸ್ತಿಯಾಯ್ತು ಅಂತ ಜೀವನಪೂರ್ತಿ ಗುಳಿಗೆಯೇ ಗತಿ ಎಂದುಕೊಳ್ಳಬೇಡ. ಡಾಕ್ಟರ ಹತ್ತಿರ ಹೋಗಿ ಮೆಲ್ಲಗೆ ಇಳಿಸುವ ದಾರಿ ಕೇಳು. ಬಿ12 ಕೂಡ ನೋಡಿಸು, ವರ್ಷಗಟ್ಟಲೆ ತಿಂದವರಿಗೆ ಅದು ಕಡಿಮೆಯಾಗುವುದುಂಟು.

ಮುಂದಿನ ವಾರ ಕುಮಟೆಯಿಂದ ದೇವಿಮನೆ ಘಟ್ಟ ಹತ್ತಿ ಬರುತ್ತೇನೆ. ನಿನ್ನ ಪಾಲಿನ ಅಪ್ಪೆಹುಳಿ ಅಷ್ಟರವರೆಗೆ ಇಟ್ಟಿರು, ನಾನೇ ಕುಡಿಯುತ್ತೇನೆ.

ನಿನ್ನ ಗೆಳೆಯ